ತಿಂಗಳಿಗೊಂದು ಕೂಟ: ನಮ್ಮ ಭಾಗದ ವೆಬ್ ತಂತ್ರಾಂಶಗಾರರಿಗೂ ಒಂದು ಕಟ್ಟೆ ಬೇಕು

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಮತ್ತು ಚಿಂಚೋಳಿ ಭಾಗದ ವ್ಯಾಪಾರೋದ್ಯಮವು ಕಲ್ಲು, ಸಿಮೆಂಟು ಹಾಗೂ ತೊಗರಿ ಎಂಬ ಮೂರು ಆಧಾರಗಳ ಮೇಲೆ ನಿಂತಿದೆ ಎಂಬುದು ಸರ್ವವಿದಿತ. ಮೂರೂ ತೂಕದ ಸರಕುಗಳು. ಲಾರಿಯಲ್ಲಿ, ರೈಲಿನಲ್ಲಿ ಸಾಗತಕ್ಕವು. ಇಂಥ ಸರಕಿನ ವ್ಯಾಪಾರಕ್ಕೂ ಅಂತರ್ಜಾಲಕ್ಕೂ ಏನು ಸಂಬಂಧವೆಂದು ಇಪ್ಪತ್ತು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ಉತ್ತರಿಸುವುದು ಕಷ್ಟವಾಗುತ್ತಿತ್ತು. ಇಂದು ಲಾರಿಯ ಗಾಲಿ ಉರುಳುವ ಮೊದಲು ಜಾಲತಾಣದಲ್ಲಿ ಅದರ ದಾಖಲೆ ಸಿದ್ಧವಾಗಿರಬೇಕು.

ಈ ಬದಲಾವಣೆಯ ಕಾಲಕ್ರಮವನ್ನು ಒಮ್ಮೆ ನೆನೆಯುವುದು ಒಳ್ಳೆಯದು. 2014ರಲ್ಲಿ ರಾಜ್ಯದ ಕೃಷಿ ಮಾರುಕಟ್ಟೆಗಳು ಏಕೀಕೃತ ಮಾರುಕಟ್ಟೆ ವೇದಿಕೆಗೆ ಒಳಪಡಲು ಆರಂಭಿಸಿ, ಹರಾಜು ಗಣಕದ ಪರದೆಗೆ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾಯಿತು. 2018ರ ಏಪ್ರಿಲ್ 1ರಿಂದ ಐವತ್ತು ಸಾವಿರ ರೂಪಾಯಿ ಮೀರಿದ ಸರಕಿನ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದಿನಿಂದಲೇ ಅನ್ವಯಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2020ರ ಅಕ್ಟೋಬರ್‌ನಲ್ಲಿ ಐನೂರು ಕೋಟಿ ರೂಪಾಯಿ ಮೀರಿದ ವಹಿವಾಟಿನ ಕಂಪನಿಗಳಿಗೆ ಮಾತ್ರ ಇದ್ದ ಇ-ಇನ್‌ವಾಯ್ಸ್ ನಿಯಮವು ಹಂತಹಂತವಾಗಿ ಇಳಿದು, 2023ರ ಆಗಸ್ಟ್ 1ರಿಂದ ಐದು ಕೋಟಿ ಮೀರಿದವರೆಲ್ಲರಿಗೂ ಅನ್ವಯವಾಯಿತು. ಗಣಿಯಿಂದ ಹೊರಡುವ ಖನಿಜದ ರಹದಾರಿ ಕೂಡ ಇಂದು ಜಾಲದ ಮೂಲಕವೇ ದೊರೆಯುತ್ತದೆ.

ನಾವೆಲ್ಲರೂ ಗೊಣಗುತ್ತಲೇ ಇದಕ್ಕೆ ಹೊಂದಿಕೊಂಡಿದ್ದೇವೆ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳಿಕೊಂಡೇ ಇಲ್ಲ. ನಮ್ಮ ಅಂಗಡಿ, ಪಾಲಿಶ್ ಘಟಕ, ದಾಲ್‌ಮಿಲ್ ಮತ್ತು ಗೋದಾಮುಗಳ ವ್ಯವಹಾರವನ್ನು ನಡೆಸುತ್ತಿರುವ ಈ ವೆಬ್ ತಂತ್ರಾಂಶಗಳನ್ನು ರಚಿಸುವವರು ಯಾರು? ಅವು ಕೆಟ್ಟಾಗ ಸರಿಪಡಿಸುವವರು ಎಲ್ಲಿದ್ದಾರೆ? ಅವರಲ್ಲಿ ನಮ್ಮ ಊರಿನವರು ಎಷ್ಟು ಮಂದಿ? ಇದಕ್ಕೆ ತೃಪ್ತಿಕರ ಉತ್ತರ ನಮ್ಮಲ್ಲಿಲ್ಲ. ಆ ಉತ್ತರವನ್ನು ಕಂಡುಕೊಳ್ಳಲು ಅತ್ಯಂತ ಕಡಿಮೆ ಖರ್ಚಿನ ಮಾರ್ಗವೊಂದಿದೆ. ಈ ಭಾಗದಲ್ಲಿ ವೆಬ್ ತಂತ್ರಾಂಶ ರಚಿಸುವ ಯುವಕ ಯುವತಿಯರು ಪ್ರತಿ ತಿಂಗಳು ಒಂದು ನಿಶ್ಚಿತ ದಿನ, ಒಂದು ನಿಶ್ಚಿತ ಸ್ಥಳದಲ್ಲಿ ಕೂಡುವಂತೆ ವ್ಯಾಪಾರಸ್ಥರೇ ಆಸರೆ ನೀಡುವುದು ಆ ಮಾರ್ಗ. ಅದನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೆಲಸವಿದೆ, ಕೈಗಳಿವೆ, ಪರಿಚಯವಿಲ್ಲ

ಯಂತ್ರದ ವಿಷಯದಲ್ಲಿ ನಮ್ಮ ಭಾಗ ಎಂದೂ ಪರಾವಲಂಬಿಯಾಗಿ ಉಳಿಯಲಿಲ್ಲ. ಸ್ವಾತಂತ್ರ್ಯಪೂರ್ವದಲ್ಲಿಯೇ ಶಹಾಬಾದ ಸಿಮೆಂಟ್ ಕಾರ್ಖಾನೆಯನ್ನು ಕಂಡಿತು. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಮುಂದೆ ಮಳಖೇಡ, ಸೇಡಂಗಳಲ್ಲಿಯೂ ಸಿಮೆಂಟ್ ಕಾರ್ಖಾನೆಗಳು ಎದ್ದವು. ಅವುಗಳ ನೆರಳಿನಲ್ಲಿ ಲೇತ್ ಅಂಗಡಿಗಳು, ವೆಲ್ಡಿಂಗ್ ಶೆಡ್ಡುಗಳು, ಮೋಟಾರ್ ವೈಂಡಿಂಗ್ ಮಾಡುವವರು ಬೆಳೆದರು. ಇಂದು ಕಲ್ಲು ಕೊಯ್ಯುವ ಯಂತ್ರದ ಬೆಲ್ಟು ಹರಿದರೆ, ಮೋಟಾರು ಸುಟ್ಟರೆ, ಅದನ್ನು ಬಲ್ಲವರನ್ನು ಹುಡುಕಿಕೊಂಡು ನಾವು ದೂರದ ನಗರಕ್ಕೆ ಓಡುವುದಿಲ್ಲ. ತಂತ್ರಾಂಶದ ವಿಷಯದಲ್ಲಿ ಮಾತ್ರ ಈ ಸ್ವಾವಲಂಬನೆ ಇನ್ನೂ ಹುಟ್ಟಿಲ್ಲ.

ಇದರ ಬೆಲೆ ಎಷ್ಟೆಂಬುದಕ್ಕೆ ಇತ್ತೀಚಿನ ಉದಾಹರಣೆಯೊಂದು ಸಾಕು. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯು ಸಿಮೆಂಟಿನ ತೆರಿಗೆಯನ್ನು ಶೇಕಡಾ 28ರಿಂದ 18ಕ್ಕೆ ಇಳಿಸುವ ನಿರ್ಧಾರ ಕೈಗೊಂಡಿತು. ಹೊಸ ದರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದಿತು. ನಡುವೆ ಇದ್ದದ್ದು 19 ದಿನಗಳು ಮಾತ್ರ. ಪ್ರಸಿದ್ಧ ಲೆಕ್ಕಪತ್ರ ತಂತ್ರಾಂಶ ಬಳಸುವವರಿಗೆ ಅದರ ತಯಾರಕರೇ ಪರಿಹಾರ ಒದಗಿಸುತ್ತಾರೆ. ಆದರೆ ಯಾರಿಂದಲೋ ಬರೆಸಿಕೊಂಡ ಬಿಲ್ಲಿಂಗ್ ಪ್ರೋಗ್ರಾಂ ಬಳಸುವ ಸಣ್ಣ ವ್ಯಾಪಾರಿಯ ಗತಿಯೇನು? ಬರೆದವನು ಊರು ಬಿಟ್ಟಿದ್ದರೆ, ಫೋನಿಗೆ ಸಿಗದಿದ್ದರೆ, ಒಂದೇ ಸಾಲಿನ ತಿದ್ದುಪಡಿಗಾಗಿ ಗುಮಾಸ್ತನು ಕೈಬರಹದ ಬಿಲ್ಲಿಗೆ ಮರಳಬೇಕಾಗುತ್ತದೆ. ಹಳೆಯ ದರದ ಬಿಲ್ಲು ಹೊರಟರೆ ಗಿರಾಕಿಯೊಡನೆ ತಕರಾರು, ಇಲಾಖೆಯಿಂದ ನೋಟಿಸಿನ ಭಯ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದದ್ದು. ಸಿದ್ಧ ತಂತ್ರಾಂಶಗಳು ನಮ್ಮ ವ್ಯಾಪಾರದ ರೀತಿಯನ್ನು ಅರಿತು ಹುಟ್ಟಿದವಲ್ಲ. ಪರ್ಸಿ ಕಲ್ಲು ಗಣಿಯಿಂದ ಲೋಡಿನ ಲೆಕ್ಕದಲ್ಲಿ ಬಂದು, ಗಿರಾಕಿಗೆ ಚದರ ಅಡಿಯ ಲೆಕ್ಕದಲ್ಲಿ ಹೋಗುತ್ತದೆ. ನಡುವೆ ಅಂಚು ಕೊಯ್ತ, ಪಾಲಿಶು, ಒಡೆದ ಹಲಗೆ, ಬಣ್ಣದ ಬೇರ್ಪಡಿಕೆ ಇವೆ. ದಾಲ್‌ಮಿಲ್ಲಿನಲ್ಲಿ ಒಂದು ಚೀಲ ತೊಗರಿಯು ಬೇಳೆ, ನುಚ್ಚು, ಚುನ್ನಿ, ಹೊಟ್ಟು ಎಂದು ನಾಲ್ಕು ಸರಕಾಗಿ ಹೊರಬೀಳುತ್ತದೆ. ನಾಲ್ಕಕ್ಕೂ ಬೇರೆ ಬೇರೆ ದರ, ಬೇರೆ ಬೇರೆ ಗಿರಾಕಿ. ಖರೀದಿಸಿದ್ದನ್ನೇ ಮಾರುವ ಕಿರಾಣಿ ಅಂಗಡಿಯ ಲೆಕ್ಕದ ಚೌಕಟ್ಟಿಗೆ ಇವು ಒಗ್ಗುವುದಿಲ್ಲ. ಆದ್ದರಿಂದಲೇ ಗಣಕವಿದ್ದರೂ ನಿಜವಾದ ಲೆಕ್ಕ ಇಂದಿಗೂ ಮಾಲೀಕರ ಮೇಜಿನೊಳಗಿನ ಕಿರ್ದಿಯಲ್ಲಿಯೇ ಉಳಿದಿದೆ. ಎಷ್ಟು ಕಲ್ಲು ಒಡೆದು ನಷ್ಟವಾಯಿತು, ಯಾವ ಹೊಲದ ತೊಗರಿಗೆ ಬೇಳೆಯ ಇಳುವರಿ ಹೆಚ್ಚು ಎಂಬುದನ್ನು ವರ್ಷಾಂತ್ಯಕ್ಕೆ ಅಂದಾಜಿನಿಂದ ಹೇಳುತ್ತೇವೆಯೇ ಹೊರತು ಲೆಕ್ಕದಿಂದಲ್ಲ.

ಕೆಲಸ ಇಷ್ಟಿದೆ. ಕೈಗಳಿಗೂ ಕೊರತೆಯಿಲ್ಲ. ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು 1958ರಿಂದ ಇಂಜಿನಿಯರುಗಳನ್ನು ರೂಪಿಸುತ್ತಿದೆ. 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ಕಡಗಂಚಿಯಲ್ಲಿದೆ. ಬಿಸಿಎ, ಡಿಪ್ಲೊಮಾ ಓದಿದ ಮಕ್ಕಳು ನಮ್ಮ ಓಣಿಗಳಲ್ಲಿಯೇ ಇದ್ದಾರೆ. 2020ರ ಲಾಕ್‌ಡೌನ್ ಕಾಲದಿಂದೀಚೆಗೆ ಮನೆಯಲ್ಲಿ ಕುಳಿತೇ ಬೆಂಗಳೂರು, ಹೈದರಾಬಾದ್, ಪುಣೆಯ ಕಂಪನಿಗಳಿಗೆ ದುಡಿಯುವ ಪದ್ಧತಿಯೂ ರೂಢಿಗೆ ಬಂದಿದೆ. ಆದರೆ ಇವರು ಒಬ್ಬರಿಗೊಬ್ಬರು ಅಪರಿಚಿತರು. ವಾಡಿಯಲ್ಲಿ ಒಬ್ಬನು ಎರಡು ವಾರ ಹೆಣಗಾಡುತ್ತಿರುವ ಸಮಸ್ಯೆಯನ್ನು ಶಹಾಬಾದದ ಇನ್ನೊಬ್ಬಳು ಕಳೆದ ತಿಂಗಳೇ ಬಗೆಹರಿಸಿಕೊಂಡಿರಬಹುದು. ಇಬ್ಬರಿಗೂ ಅದು ತಿಳಿಯದು. ಓದು ಮುಗಿದ ಮೇಲೆ ಊರು ಬಿಡುವುದಕ್ಕೆ ಸಂಬಳ ಒಂದೇ ಕಾರಣವಲ್ಲ. ತನ್ನ ವಿದ್ಯೆಯನ್ನು ಬಲ್ಲವರು, ತಪ್ಪಿದರೆ ತಿದ್ದುವವರು, ಚೆನ್ನಾಗಿ ಮಾಡಿದರೆ ಗುರುತಿಸುವವರು ಊರಿನಲ್ಲಿ ಕಾಣದಿರುವುದೂ ಒಂದು ದೊಡ್ಡ ಕಾರಣ.

ಪೇಟೆಯ ಗುಣವನ್ನು ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ. ಬಟ್ಟೆ ಅಂಗಡಿಗಳು ಒಂದೇ ಸಾಲಿನಲ್ಲಿರುವುದು ಪೈಪೋಟಿಯ ಅರಿವಿಲ್ಲದೆ ಅಲ್ಲ. ಹತ್ತು ಅಂಗಡಿ ಕೂಡಿದಲ್ಲಿ ಗಿರಾಕಿ ಬರುತ್ತಾನೆ, ಕೆಲಸಗಾರ ಸಿಗುತ್ತಾನೆ, ಸುದ್ದಿ ಹರಡುತ್ತದೆ. ವಾಡಿಯ ಉದಾಹರಣೆಯನ್ನೇ ನೋಡಿರಿ. 1874ರಲ್ಲಿ ನಿಜಾಮರ ರೈಲು ಮಾರ್ಗವು ಸಿಕಂದರಾಬಾದಿನಿಂದ ಬಂದು ಮುಂಬಯಿ ಮದ್ರಾಸು ಮಾರ್ಗವನ್ನು ವಾಡಿಯಲ್ಲಿ ಕೂಡಿಕೊಂಡಿತು. ಎರಡು ಹಳಿಗಳು ಕೂಡಿದ್ದರಿಂದ ಆ ಊರಿಗೆ ಜಂಕ್ಷನ್ ಎಂಬ ಹೆಸರೂ ಮಹತ್ವವೂ ದೊರೆತವು. ವಿದ್ಯೆಗೂ ಅಂಥ ಜಂಕ್ಷನ್ ಬೇಕು.

ವ್ಯಾಪಾರಿಯ ತೊಡಕಿನಿಂದ ಹುಟ್ಟಿದ ತಂತ್ರಾಂಶಗಳು

ತಂತ್ರಾಂಶಗಾರರು ಕೂಡಿದರೆ ವ್ಯಾಪಾರಿಗೆ ಏನು ಲಾಭ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ನಮ್ಮ ಮೇಜಿನ ಮೇಲೆಯೇ ಇದೆ. ಓದುಗರಲ್ಲಿ ಬಹುಪಾಲು ಮಂದಿ ಬಳಸುವ ಟ್ಯಾಲಿ ತಂತ್ರಾಂಶದ ಹುಟ್ಟನ್ನು ನೆನೆಯಬಹುದು. ಜವಳಿ ಗಿರಣಿ ಮತ್ತು ಕಾರ್ಖಾನೆಗಳಿಗೆ ಕಚ್ಚಾವಸ್ತು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಎಲ್ಲಿಯೂ ಸಿಗಲಿಲ್ಲ. ಅವರು ತಮ್ಮ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ರಚಿಸಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಆ ಬೆಂಗಳೂರಿನ ಸಂಸ್ಥೆಯೇ ಇಂದಿನ ಟ್ಯಾಲಿ. 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಎರಡನೆಯ ಉದಾಹರಣೆ ಮುಂಬಯಿಯದು. ತಮ್ಮ ಕುಟುಂಬದ ಪೀಠೋಪಕರಣ ಉದ್ಯಮದ ನಿರ್ವಹಣೆಗೆ ತಕ್ಕ ತಂತ್ರಾಂಶ ದೊರೆಯದೆ ರುಶಭ್ ಮೆಹ್ತಾ ಅವರು ಸ್ವತಃ ಅದನ್ನು ರಚಿಸಲು ತೊಡಗಿದರು. ಅದು ಇಆರ್‌ಪಿ-ನೆಕ್ಸ್ಟ್ ಎಂಬ ಹೆಸರಿನ ಮುಕ್ತ ತಂತ್ರಾಂಶವಾಗಿ ಬೆಳೆದು, ಅನೇಕ ದೇಶಗಳ ಸಣ್ಣ ಮತ್ತು ಮಧ್ಯಮ ಉದ್ಯಮಗಳಲ್ಲಿ ಬಳಕೆಯಾಗುತ್ತಿದೆ. ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಬರಹ ಯಾರಿಗೂ ಲಭ್ಯವಿದ್ದು, ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಹಕ್ಕು ಎಲ್ಲರಿಗೂ ಇರುತ್ತದೆ ಎಂದರ್ಥ. ನಮ್ಮ ಪಾಲಿಶ್ ಘಟಕದ ಚದರ ಅಡಿಯ ಲೆಕ್ಕವನ್ನು, ದಾಲ್‌ಮಿಲ್ಲಿನ ನಾಲ್ಕು ಸರಕಿನ ಲೆಕ್ಕವನ್ನು ಅದರಲ್ಲಿ ಅಳವಡಿಸಲು ಬಲ್ಲವರು ಮೂರು ನಾಲ್ಕು ಮಂದಿ ಊರಿನಲ್ಲಿದ್ದರೆ ಸಾಕು.

ಎರಡೂ ಪ್ರಸಂಗಗಳಲ್ಲಿ ಗಮನಿಸಬೇಕಾದ ಅಂಶ ಒಂದೇ. ವ್ಯಾಪಾರದ ತೊಡಕನ್ನು ಬಲ್ಲವರು ಮತ್ತು ತಂತ್ರಾಂಶ ಬರೆಯಬಲ್ಲವರು ಒಂದೇ ಮನೆಯಲ್ಲಿದ್ದರು. ಎಲ್ಲರ ಮನೆಯಲ್ಲಿಯೂ ಅಂಥ ಮಗನೋ ಮಗಳೋ ಇರಲು ಸಾಧ್ಯವಿಲ್ಲ. ಆದರೆ ಒಂದು ಊರಿನಲ್ಲಿ ಇರಲು ಸಾಧ್ಯ. ಮನೆಯಲ್ಲಿ ಊಟದ ಹೊತ್ತಿಗೆ ನಡೆಯುವ ಮಾತುಕತೆ ಊರಿನಲ್ಲಿ ನಡೆಯಬೇಕಾದರೆ ಕೂಡುವ ಕಟ್ಟೆಯೊಂದು ಬೇಕು.

ಕೂಟಗಳ ಅನುಭವ ಏನು ಹೇಳುತ್ತದೆ?

ಗಣಕದ ವಿದ್ಯೆ ಬೆಳೆದಲ್ಲೆಲ್ಲ ಇಂಥ ಕಟ್ಟೆಗಳು ಇದ್ದವು. ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ 1975ರ ಮಾರ್ಚ್ 5ರಂದು ಗಾರ್ಡನ್ ಫ್ರೆಂಚ್ ಎಂಬುವರ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಮೂವತ್ತರಷ್ಟು ಹವ್ಯಾಸಿಗಳು ಸೇರಿದರು. ಅದೇ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್. ಅಂದು ಅಲ್ಲಿದ್ದ ಸ್ಟೀವ್ ವೋಜ್ನಿಯಾಕ್ ಎಂಬ ಯುವಕನು ತಾನು ರೂಪಿಸಿದ ಗಣಕವನ್ನು ಮರುವರ್ಷ ಅದೇ ಕೂಟದವರಿಗೆ ತೋರಿಸಿದನು. ಅದು ಆಪಲ್ ಕಂಪನಿಯ ಮೊದಲ ಗಣಕ. ಅಲ್ಲಿ ಸರ್ಕಾರದ ಅನುದಾನ ಇರಲಿಲ್ಲ. ತಾನು ಮಾಡಿದ್ದನ್ನು ಬಲ್ಲವರ ಮುಂದಿಡುವ ಅವಕಾಶವಿತ್ತು.

ಬೆಂಗಳೂರಿನ ಅನುಭವ ನಮಗೆ ಇನ್ನೂ ಹತ್ತಿರದ್ದು ಮತ್ತು ಹೆಚ್ಚು ಪಾಠ ಕಲಿಸುವಂಥದ್ದು. ಅಲ್ಲಿಯ ಲಿನಕ್ಸ್ ಬಳಕೆದಾರರ ಬಳಗದ ಸ್ವಯಂಸೇವಕರು 2001ರಲ್ಲಿ ದೊಡ್ಡ ಸಮ್ಮೇಳನವೊಂದನ್ನು ಆರಂಭಿಸಿದರು. 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದು ದೇಶವಿದೇಶಗಳ ಪರಿಣತರನ್ನು ಆಕರ್ಷಿಸಿದ ಆ ಸಮ್ಮೇಳನವು 2012ರ ಆವೃತ್ತಿಯೊಂದಿಗೆ ನಿಂತಿತು. ಅದೇ ನಗರದಲ್ಲಿ ಪೈಥಾನ್ ಎಂಬ ಗಣಕ ಭಾಷೆಯನ್ನು ಬಳಸುವವರ ಬ್ಯಾಂಗ್‌ಪೈಪರ್ಸ್ ಎಂಬ ಬಳಗವು 2000ರ ದಶಕದ ಮಧ್ಯಭಾಗದಲ್ಲಿ ಹುಟ್ಟಿತು. ಯಾವುದಾದರೂ ಕಂಪನಿಯು ರಜಾದಿನ ಬಿಟ್ಟುಕೊಟ್ಟ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರುವ ಸರಳ ಪದ್ಧತಿ ಅದರದು. ಪೈಥಾನ್ ಬಳಕೆದಾರರ ಮೊದಲ ರಾಷ್ಟ್ರೀಯ ಸಮ್ಮೇಳನ 2009ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಾಗ, ಅದಕ್ಕೆ ಬೇಕಾದ ನೆಲ ಹದಗೊಂಡದ್ದು ಇಂಥ ಸಣ್ಣ ಕೂಟಗಳಿಂದ. ಅದ್ದೂರಿಯ ಸಮ್ಮೇಳನಕ್ಕೆ ಪ್ರತಿವರ್ಷ ದೊಡ್ಡ ಹಣವೂ ದಣಿಯದ ಹೆಗಲುಗಳೂ ಬೇಕು. ಸಣ್ಣ ಮಾಸಿಕ ಕೂಟಕ್ಕೆ ಒಂದು ಕೋಣೆ ಸಾಕು. ಆದ್ದರಿಂದ ಅದು ಬಾಳಿಕೆ ಬರುತ್ತದೆ.

ಬೆಂಗಳೂರು ದೊಡ್ಡ ನಗರ, ಅಲ್ಲಿ ನಡೆಯುವುದು ಇಲ್ಲಿ ನಡೆಯಲಾರದು ಎನ್ನುವವರು ತಮಿಳುನಾಡಿನ ಕಡೆ ನೋಡಬಹುದು. ರೇಷ್ಮೆ ಸೀರೆಗೆ ಹೆಸರಾದ ಕಾಂಚೀಪುರದಲ್ಲಿ ಲಿನಕ್ಸ್ ಬಳಕೆದಾರರ ಬಳಗವೊಂದು ರೂಪುಗೊಂಡು ನಿಯಮಿತ ಕೂಟಗಳನ್ನು ನಡೆಸಿದೆ. ತೆಂಕಾಶಿಯ ಸಮೀಪದ ಮಥಲಂಪಾರೈ ಎಂಬ ಹಳ್ಳಿಯಲ್ಲಿ ಜೋಹೋ ಕಂಪನಿಯು 2011ರಲ್ಲಿ ಕಚೇರಿ ತೆರೆದು, ಸುತ್ತಲ ಊರುಗಳ ಯುವಜನರಿಂದಲೇ ಪ್ರಪಂಚಕ್ಕೆಲ್ಲ ಮಾರುವ ವೆಬ್ ತಂತ್ರಾಂಶ ತಯಾರಿಸುತ್ತಿದೆ. 2020ರಲ್ಲಿ ಸ್ಥಾಪಿತವಾದ ಫಾಸ್ ಯುನೈಟೆಡ್ ಎಂಬ ಸಂಸ್ಥೆಯು ಊರೂರಿನ ಇಂಥ ಕೂಟಗಳಿಗೆ ಬೆಂಬಲ ನೀಡುತ್ತಿದೆ. ಮೇಲೆ ಹೇಳಿದ ರುಶಭ್ ಮೆಹ್ತಾ ಅದರ ಸ್ಥಾಪಕರಲ್ಲಿ ಒಬ್ಬರೆಂಬುದು ಗಮನಾರ್ಹ.

ರಾಜ್ಯ ಸರ್ಕಾರವೂ 'ಬಿಯಾಂಡ್ ಬೆಂಗಳೂರು' ಎಂಬ ಹೆಸರಿನಲ್ಲಿ ಮಾಹಿತಿ ತಂತ್ರಜ್ಞಾನವನ್ನು ರಾಜಧಾನಿಯ ಹೊರಗೆ ಒಯ್ಯುವ ಮಾತನ್ನಾಡುತ್ತಿದೆ. 2023ರಲ್ಲಿ ಐಟಿ-ಬಿಟಿ ಖಾತೆ ವಹಿಸಿಕೊಂಡವರು ನಮ್ಮ ಚಿತ್ತಾಪುರ ಕ್ಷೇತ್ರದ ಶಾಸಕರು. ಯೋಜನೆಗಳ ಪ್ರಯೋಜನ ಪಡೆಯುವುದು ಯೋಗ್ಯವೇ. ಆದರೆ ಸರ್ಕಾರದ ಆದೇಶದಿಂದ ಕಟ್ಟಡ ಬರಬಹುದು, ಕೂಡುವ ರೂಢಿ ಬರಲಾರದು. ಆ ರೂಢಿ ಇಲ್ಲದ ಊರಿನಲ್ಲಿ ಕಟ್ಟಡಕ್ಕೆ ಬೀಗವೇ ಗತಿ.

ಇಲ್ಲಿ ಹೇಗೆ ನಡೆಸಬಹುದು?

ಕಾರ್ಯಸಾಧ್ಯವಾದ ಕೆಲವು ಸೂಚನೆಗಳನ್ನು ಮುಂದಿಡುತ್ತಿದ್ದೇವೆ. ಚರ್ಚೆಯಿಂದ ಇವುಗಳನ್ನು ತಿದ್ದಿಕೊಳ್ಳಬಹುದು.

ಮೊದಲನೆಯದು ದಿನ. ಪ್ರತಿ ತಿಂಗಳ ಮೂರನೆಯ ಭಾನುವಾರ ಬೆಳಿಗ್ಗೆ 10.30ರಿಂದ ಮಧ್ಯಾಹ್ನ 1.30ರವರೆಗೆ ಎಂದು ಒಮ್ಮೆ ಗೊತ್ತುಪಡಿಸಿದರೆ ಅದನ್ನು ಎಂದಿಗೂ ಬದಲಿಸಬಾರದು. ಮೂವರೇ ಬಂದರೂ ಕೂಟ ನಡೆಯಬೇಕು. ಸಂತೆ ನಿಲ್ಲುವುದು ದಿನದ ನಂಬಿಕೆಯಿಂದ. ಇಂದು ಇದೆಯೋ ಇಲ್ಲವೋ ಎಂಬ ಅನುಮಾನ ಬಂದ ಸಂತೆಗೆ ಯಾರೂ ಗಾಡಿ ಹೂಡುವುದಿಲ್ಲ. ಹಗಲಿನಲ್ಲಿ ಆರಂಭವಾಗಿ ಹಗಲಿನಲ್ಲಿಯೇ ಮುಗಿದರೆ ಹೆಣ್ಣುಮಕ್ಕಳೂ ನಿಶ್ಚಿಂತೆಯಿಂದ ಬಂದು ಹೋಗಬಹುದು.

ಎರಡನೆಯದು ಸ್ಥಳ. ಕಲಬುರಗಿಗೂ ವಾಡಿಗೂ ನಡುವೆ, ಮುಖ್ಯ ರೈಲು ಮಾರ್ಗದಲ್ಲಿರುವ ಶಹಾಬಾದ ಇದಕ್ಕೆ ಅನುಕೂಲವಾದ ಊರು. ಬಸ್ ನಿಲ್ದಾಣ ಅಥವಾ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ ಇಪ್ಪತ್ತೈದು ಜನ ಕೂಡುವ ಕೋಣೆ, ಪ್ರೊಜೆಕ್ಟರ್, ಇನ್ವರ್ಟರ್ ಮತ್ತು ನೆಚ್ಚಬಹುದಾದ ಅಂತರ್ಜಾಲ ಸಂಪರ್ಕ ಇದ್ದರೆ ಸಾಕು. ಚಿಂಚೋಳಿ ಕಡೆಯವರ ಅನುಕೂಲಕ್ಕಾಗಿ ಮೂರು ತಿಂಗಳಿಗೊಮ್ಮೆ ಸೇಡಂನಲ್ಲಿ ನಡೆಸಬಹುದು. ದೊಡ್ಡ ಸಭಾಭವನ ಬೇಡ. ಮುನ್ನೂರು ಕುರ್ಚಿಗಳ ನಡುವೆ ಹನ್ನೆರಡು ಜನ ಕುಳಿತರೆ ಉತ್ಸಾಹ ಕುಂದುತ್ತದೆ. ಹದಿನೈದು ಕುರ್ಚಿಯ ಕೋಣೆಯಲ್ಲಿ ಅದೇ ಹನ್ನೆರಡು ಜನ ತುಂಬಿದ ಸಭೆ.

ಮೂರನೆಯದು ಕಾರ್ಯಕ್ರಮ. ಮೊದಲ ಒಂದು ಗಂಟೆ ಯಾರಾದರೊಬ್ಬರು ತಾವು ನಿಜವಾಗಿ ರಚಿಸಿದ ಕೆಲಸವನ್ನು ಪರದೆಯ ಮೇಲೆ ತೋರಿಸಿ ವಿವರಿಸಲಿ. ಮುಂದಿನ ಅರ್ಧ ಗಂಟೆ ಸಿಕ್ಕಿಬಿದ್ದ ಕೆಲಸಗಳಿಗೆ ಮೀಸಲಿರಲಿ. ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂದು ಕೇಳಿ ಒಬ್ಬರಿಗೊಬ್ಬರು ನೆರವಾಗಲಿ. ನಂತರದ ಅರ್ಧ ಗಂಟೆ ಒಬ್ಬ ವ್ಯಾಪಾರಿ ಅಥವಾ ತಯಾರಕರು ತಮ್ಮ ಒಂದು ತೊಡಕನ್ನು ಹೇಳಲಿ. ಲೋಡಿನಿಂದ ಚದರ ಅಡಿಗೆ ಬರುವ ಲೆಕ್ಕ, ಅಡತಿ ಅಂಗಡಿಯ ರೈತರ ಮುಂಗಡದ ಲೆಕ್ಕ, ಲಾರಿ ಬಾಡಿಗೆಯ ಲೆಕ್ಕ, ಯಾವುದಾದರೂ ಆಗಬಹುದು. ಉಳಿದ ಒಂದು ಗಂಟೆ ಚಹಾ, ಸುಸಲಾ, ಮಿರ್ಚಿ ಮತ್ತು ಮಾತುಕತೆ. ಕೂಟದ ಅರ್ಧ ಪ್ರಯೋಜನ ಈ ಕೊನೆಯ ಗಂಟೆಯಲ್ಲಿಯೇ ಇದೆ. ದೀಪ ಬೆಳಗಿಸುವುದು, ಹಾರ ತುರಾಯಿ, ಸ್ವಾಗತ ಭಾಷಣ, ಅಧ್ಯಕ್ಷೀಯ ಭಾಷಣ ಇವು ಬೇಡ. ಅವುಗಳಿಗೆ ನಮ್ಮಲ್ಲಿ ಬೇರೆ ಸಂದರ್ಭಗಳು ಸಾಕಷ್ಟಿವೆ.

ನಾಲ್ಕನೆಯದು ಭಾಷೆ. ನಮ್ಮ ಭಾಗದ ಮಾತಿನಲ್ಲಿ ಕನ್ನಡದೊಡನೆ ದಖನಿ, ತೆಲುಗು, ಮರಾಠಿ ಬೆರೆತಿವೆ. ಇಂಗ್ಲಿಷ್ ಬಾರದೆಂಬ ಸಂಕೋಚದಿಂದ ಬಾಯಿ ಮುಚ್ಚಿ ಕುಳಿತ ಪ್ರತಿಭೆಗಳು ಎಷ್ಟೋ ಇವೆ. ಕೂಟದಲ್ಲಿ ಕನ್ನಡ ಮುಖ್ಯವಾಗಿರಲಿ. ಯಾರಿಗೆ ಯಾವ ಮಾತಿನಲ್ಲಿ ತಿಳಿಯುವುದೋ ಆ ಮಾತಿನಲ್ಲಿ ತಿಳಿಸಲಿ.

ಐದನೆಯದು ಖರ್ಚು. ಕೋಣೆ ಉಚಿತವಾಗಿ ದೊರೆತರೆ, ಇಪ್ಪತ್ತು ಜನರ ಉಪಾಹಾರ, ಸಂಪರ್ಕ ಮತ್ತು ಸಣ್ಣಪುಟ್ಟ ವೆಚ್ಚ ಸೇರಿ ತಿಂಗಳಿಗೆ ಮೂರು ಸಾವಿರ ರೂಪಾಯಿ ಮೀರಲಾರದೆಂಬುದು ನಮ್ಮ ಅಂದಾಜು. ಹನ್ನೆರಡು ಸದಸ್ಯರು ತಿಂಗಳಿಗೊಬ್ಬರಂತೆ ವಹಿಸಿಕೊಂಡರೆ ವರ್ಷಕ್ಕೊಮ್ಮೆ ಮಾತ್ರ ಒಬ್ಬರ ಪಾಳಿ ಬರುತ್ತದೆ.

ಆರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಒಡೆತನ. ಕೂಟವು ತಂತ್ರಾಂಶ ರಚಿಸುವವರದ್ದಾಗಿರಬೇಕು. ವಿಷಯ ಆರಿಸುವವರು, ಸಭೆ ನಡೆಸುವವರು ಅವರಲ್ಲಿಯೇ ಇಬ್ಬರು ಮೂವರಿರಲಿ; ಆರು ತಿಂಗಳಿಗೊಮ್ಮೆ ಬದಲಾಗಲಿ. ನಾವು ಆಸರೆ ಕೊಡುವವರು ಮಾತ್ರ. ಒಂದು ಕೂಟಕ್ಕೆ ಇಬ್ಬರಿಗಿಂತ ಹೆಚ್ಚು ವ್ಯಾಪಾರಿಗಳು ಹೋಗದಿರುವುದೇ ಲೇಸು. ಹಿರಿಯರು ತುಂಬಿದ ಸಭೆಯಲ್ಲಿ ಕಿರಿಯರು ತಮ್ಮ ಸಂದೇಹ ಕೇಳಲು ಹಿಂಜರಿಯುತ್ತಾರೆ.

ಪಾಲಿಸಲೇಬೇಕಾದ ಮೂರು ನಿಯಮಗಳಿವೆ. ಒಂದು, ಕೂಟದಲ್ಲಿ ಯಾರಿಂದಲೂ ಪುಕ್ಕಟೆ ಕೆಲಸ ಮಾಡಿಸಿಕೊಳ್ಳತಕ್ಕದ್ದಲ್ಲ. ತೊಡಕಿಗೆ ದಾರಿ ಕಂಡು, ಕೆಲಸ ಬೇಕೆನಿಸಿದರೆ ಹೊರಗೆ ದರ ಗೊತ್ತುಮಾಡಿಕೊಂಡು, ಬರಹದಲ್ಲಿ ಒ‍ಪ್ಪಂದ ಮಾಡಿಕೊಂಡು, ಹೇಳಿದ ದಿನ ಹಣ ಕೊಡಬೇಕು. ಮೇಸ್ತ್ರಿಗೆ ಕೂಲಿ ಕೊಡುವಾಗ ಇರುವ ನ್ಯಾಯ ಇಲ್ಲಿಯೂ ಇರಲಿ. ಎರಡು, ಗಿರಾಕಿಗಳ ಹೆಸರು, ಫೋನ್ ಸಂಖ್ಯೆ, ಬಾಕಿಯ ವಿವರಗಳಿರುವ ಅಸಲು ಲೆಕ್ಕವನ್ನು ಕೂಟಕ್ಕೆ ತರಬಾರದು; ಮಾದರಿ ಲೆಕ್ಕ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿರುವುದರಿಂದ ಈ ಎಚ್ಚರ ಇನ್ನೂ ಅಗತ್ಯ. ಮೂರು, ಯಾರಿಂದ ಜಾಲತಾಣ ಮಾಡಿಸಿದರೂ ಅದರ ವಿಳಾಸದ ನೋಂದಣಿ, ಪಾಸ್‌ವರ್ಡ್ ಮತ್ತು ಲೆಕ್ಕದ ಪ್ರತಿಗಳು ವ್ಯಾಪಾರಿಯ ಹೆಸರಿನಲ್ಲಿ, ವ್ಯಾಪಾರಿಯ ಬಳಿಯೇ ಇರಬೇಕು. ಅಂಗಡಿಯ ಬೀಗದ ಕೈಯನ್ನು ಬಣ್ಣ ಹಚ್ಚಿದವನ ಬಳಿ ಬಿಟ್ಟು ಬರುವ ವ್ಯಾಪಾರಿ ಇರಲಾರನು.

ಕೆಲವು ಆಕ್ಷೇಪಗಳು

ಈ ಸಲಹೆಯನ್ನು ಆಪ್ತರಲ್ಲಿ ಚರ್ಚಿಸಿದಾಗ ಬಂದ ಆಕ್ಷೇಪಗಳಿಗೆ ಇಲ್ಲಿ ಉತ್ತರಿಸುವುದು ಉಚಿತ.

ನಾಲ್ಕು ಜನ ಕೂಡಿದರೆ ನನ್ನಲ್ಲಿ ಕೆಲಸ ಮಾಡುವ ಹುಡುಗನನ್ನು ಇನ್ನೊಬ್ಬರು ಸೆಳೆದುಕೊಳ್ಳುತ್ತಾರೆ ಎಂಬುದು ಒಂದು ಭಯ. ಹುಡುಗನು ಹೋಗಬೇಕೆಂದರೆ ಹೈದರಾಬಾದಿನ ರೈಲು ವಾಡಿಯಿಂದ ದಿನವೂ ಹೊರಡುತ್ತದೆ. ಪಕ್ಕದ ಓಣಿಯ ಅಂಗಡಿಗೆ ಹೋದರೆ ಅವನ ವಿದ್ಯೆ ಊರಿನಲ್ಲಿಯೇ ಉಳಿಯುತ್ತದೆ. ಅವನ ಬದಲಿಗೆ ಬೇರೊಬ್ಬನನ್ನು ಹುಡುಕಲು ಅದೇ ಕೂಟ ನೆರವಾಗುತ್ತದೆ.

ಎಲ್ಲವೂ ಮೊಬೈಲಿನಲ್ಲಿ, ವಿಡಿಯೊದಲ್ಲಿ ಕಲಿಯಲು ಸಿಗುವಾಗ ಕೂಟವೇಕೆ ಎಂಬುದು ಎರಡನೆಯ ಪ್ರಶ್ನೆ. ವಿಡಿಯೊ ನೋಡಿ ಕಲಿಯಬಹುದು, ನಿಜ. ಆದರೆ ವಿಡಿಯೊಗೆ ನಮ್ಮ ಪರ್ಸಿಯ ಲೆಕ್ಕ ಗೊತ್ತಿಲ್ಲ. ಕಲಿತವನು ನಿಜವಾಗಿ ಬಲ್ಲನೋ ಇಲ್ಲವೋ ಎಂಬುದನ್ನೂ ಅದು ನಮಗೆ ಹೇಳುವುದಿಲ್ಲ. ಆರು ತಿಂಗಳ ಕಾಲ ನಾಲ್ಕು ಜನರ ಮುಂದೆ ಕೆಲಸ ತೋರಿಸಿದವನ ಯೋಗ್ಯತೆ ಊರಿಗೇ ತಿಳಿಯುತ್ತದೆ. ಯಾರಿಗೆ ಕೆಲಸ ವಹಿಸಬೇಕೆಂದು ತಿಳಿಯದೆ ಒದ್ದಾಡುವ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ.

ಕೃತಕ ಬುದ್ಧಿಮತ್ತೆಯೇ ಪ್ರೋಗ್ರಾಂ ಬರೆದುಕೊಡುವ ಈ ಕಾಲದಲ್ಲಿ ತಂತ್ರಾಂಶಗಾರರೇ ಬೇಕಿಲ್ಲ ಎನ್ನುವವರೂ ಇದ್ದಾರೆ. ಆ ಸಾಧನಗಳು ಬರೆಯುವ ಶ್ರಮವನ್ನು ಕಡಿಮೆ ಮಾಡಿರುವುದು ಸತ್ಯ. ಆದರೆ ಬರೆದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಹೊಣೆ ಹಾಗೆಯೇ ಉಳಿದಿದೆ. ತಪ್ಪು ತೆರಿಗೆಯ ಬಿಲ್ಲು ಹೊರಟರೆ ನೋಟಿಸು ಬರುವುದು ವ್ಯಾಪಾರಿಯ ಹೆಸರಿಗೆ. ಮೇಲಾಗಿ ಬರೆಯುವುದು ಸುಲಭವಾದಷ್ಟೂ ನಮ್ಮ ವ್ಯಾಪಾರದ ತೊಡಕನ್ನು ಸ್ಪಷ್ಟವಾಗಿ ತಿಳಿದ ವ್ಯಕ್ತಿಯ ಬೆಲೆ ಹೆಚ್ಚುತ್ತದೆ. ಆ ತಿಳಿವಳಿಕೆ ಬರುವುದು ನಮ್ಮೊಡನೆ ಕುಳಿತು ಮಾತನಾಡಿದಾಗಲೇ.

ಮೂರು ತಿಂಗಳು ನಡೆದು ನಿಂತುಹೋಗುತ್ತದೆ ಎಂಬುದು ಕೊನೆಯ, ಹೆಚ್ಚು ತೂಕವುಳ್ಳ ಆಕ್ಷೇಪ. ಅನೇಕ ಸತ್ಕಾರ್ಯಗಳು ನಮ್ಮಲ್ಲಿ ಹಾಗೆ ನಿಂತಿರುವುದುಂಟು. ದೊಡ್ಡದಾಗಿ ಆರಂಭಿಸಿ ಮುಂದೆ ನಡೆಸಲಾಗದೆ ಸೋಲುವುದು ನಮ್ಮ ಹಳೆಯ ರೋಗ. ಆದ್ದರಿಂದಲೇ ಸಣ್ಣ ಕೋಣೆ, ಸಣ್ಣ ಖರ್ಚು, ಬದಲಾಗದ ದಿನ ಎಂದು ಒತ್ತಿ ಹೇಳುತ್ತಿದ್ದೇವೆ. ಮೊದಲ ವರ್ಷದ ಯಶಸ್ಸನ್ನು ಹಾಜರಾತಿಯಿಂದ ಅಳೆಯಬೇಡಿ. ಹನ್ನೆರಡು ತಿಂಗಳಲ್ಲಿ ಹನ್ನೆರಡು ಕೂಟಗಳು ಹೇಳಿದ ದಿನವೇ ನಡೆದುವೇ ಎಂದಷ್ಟೇ ಕೇಳಿರಿ.

ಪಣಕ್ಕಿರುವುದೇನು?

ನಮ್ಮ ಸರಕಿನ ಮಾರುಕಟ್ಟೆ ಸುಮ್ಮನೆ ಕುಳಿತಿಲ್ಲ. ನೆಲಹಾಸಿನ ವ್ಯಾಪಾರದಲ್ಲಿ ಪರ್ಸಿಗೆ ವಿಟ್ರಿಫೈಡ್ ಟೈಲ್ಸ್, ರಾಜಸ್ಥಾನದ ಕೋಟಾ ಕಲ್ಲು, ನೆರೆಯ ತಾಂಡೂರಿನ ಕಲ್ಲು ಎದುರಾಳಿಗಳು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. 2022ರಲ್ಲಿ ತಾಂಡೂರಿನ ತೊಗರಿಗೂ ದೊರೆಯಿತು. ಮಾನ್ಯತೆಯ ಪತ್ರವನ್ನು ಚೌಕಟ್ಟು ಹಾಕಿ ಗೋಡೆಗೆ ತೂಗಿದ ಮಾತ್ರಕ್ಕೆ ದರ ಏರುವುದಿಲ್ಲ. ಈ ಬೇಳೆ ಯಾವ ಊರಿನದು, ಯಾವ ಮಿಲ್ಲಿನದು ಎಂದು ಮುಂಬಯಿಯ ಗಿರಾಕಿ ತನ್ನ ಮೊಬೈಲಿನಲ್ಲಿಯೇ ಅರಿತು, ಅಲ್ಲಿಂದಲೇ ಖರೀದಿಸುವಂತಾದರೆ ಮಾತ್ರ ಆ ಮಾನ್ಯತೆಗೆ ಬೆಲೆ. ಅಂಥ ವ್ಯವಸ್ಥೆಯನ್ನು ಯಾರೋ ಕಟ್ಟಲೇಬೇಕು. ದೂರದ ಮಧ್ಯವರ್ತಿ ಕಂಪನಿಗಳು ಕಟ್ಟಿದರೆ ಗಿರಾಕಿಯ ಪರಿಚಯವೂ ದಲ್ಲಾಳಿಯೂ ಅವರಿಗೆ. ನಮ್ಮವರು ಕಟ್ಟಿದರೆ ಎರಡೂ ನಮ್ಮಲ್ಲಿ ಉಳಿಯುತ್ತವೆ.

ವ್ಯಾಪಾರಿ ಬಂಧುಗಳಲ್ಲಿ ಮೂರು ವಿನಂತಿಗಳು. ಭಾನುವಾರ ಖಾಲಿ ಇರುವ ಕೋಣೆಯುಳ್ಳವರು ಅದನ್ನು ಮೂರು ಗಂಟೆಗಳ ಕಾಲ ಬಿಟ್ಟುಕೊಡುವ ಬಗ್ಗೆ ಸಂಸ್ಥೆಯ ಕಚೇರಿಗೆ ತಿಳಿಸಿರಿ. ತಮ್ಮ ಮನೆಯ, ನೆರೆಹೊರೆಯ, ಅಂಗಡಿಯ ಯುವಜನರಲ್ಲಿ ವೆಬ್ ತಂತ್ರಾಂಶ ಬಲ್ಲವರು ಇದ್ದರೆ ಅವರಿಗೆ ಈ ವಿಷಯ ತಲುಪಿಸಿರಿ. ಕೊನೆಯದಾಗಿ, ತಮ್ಮ ವ್ಯವಹಾರದಲ್ಲಿ ಪ್ರತಿದಿನ ಕಾಡುವ ಒಂದೇ ಒಂದು ಲೆಕ್ಕದ ತೊಡಕನ್ನು ಅರ್ಧ ಹಾಳೆಯಲ್ಲಿ ಬರೆದಿಡಿರಿ. ಕೋಣೆಯೊಂದು, ಎಂಟು ಹತ್ತು ಯುವಜನರು ಮತ್ತು ಅಂಥ ಅರ್ಧ ಹಾಳೆಯೊಂದು ದೊರೆತ ತಿಂಗಳೇ ಮೊದಲ ಕೂಟ ನಡೆಸಬಹುದು.